ಹನ್ನೆರಡು ಶೀಸೆಗಳೂ ನಮ್ಮ ಮಾವನವರ ಮೂಗೂ

ನಮ್ಮ ಮಾವನವರಿಗೆ ಮೂಗಿರಲಿಲ್ಲ! ಹೀಗೆಂದರೆ ಅವರನ್ನು ನೋಡಿದ್ದವರು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಅವರ ಮುಖದಲ್ಲಿ ಎಲ್ಲಕ್ಕಿಂತ ಮೊದಲು ಕಾಣುತ್ತಿದ್ದುದೇ ಮೂಗು. ಉದ್ದವಾದ, ನೆಟ್ಟಗಿನ, ತುದಿಯಲ್ಲಿ ತುಸು ಬಾಗಿದ ಭರ್ಜರಿ ಮೂಗು. ಆದರೆ ಅದು ಇದ್ದದ್ದು ಎರಡೇ ಕೆಲಸಕ್ಕೆ: ಕನ್ನಡಕ ಕೂರಿಸುವುದಕ್ಕೆ, ನಶ್ಯ ತುಂಬುವುದಕ್ಕೆ. ಮೂವತ್ತು ವರ್ಷ ಬಿಡದೆ ಏರಿಸಿದ ನಶ್ಯ ವಾಸನೆ ಹಿಡಿಯುವ ಶಕ್ತಿಯನ್ನೆಲ್ಲ ಒಳಗಿನಿಂದ ಓಡಿಸಿಬಿಟ್ಟಿತ್ತು. ಒಲೆಯ ಮೇಲೆ ಹಾಲು ಸೀದು ಬೀದಿಯವರೆಲ್ಲ ಮೂಗು ಮುಚ್ಚಿಕೊಂಡರೂ ಅಡುಗೆಮನೆಯ ಬಾಗಿಲಲ್ಲೇ ಕೂತ ಇವರು ಪೇಪರು ಓದುತ್ತಲೇ ಇರುತ್ತಿದ್ದರು.

"ಹಾಲು ಸೀದೋಗ್ತೈತೆ ಅಂತ ಒಂದು ಮಾತು ಹೇಳ್ಬಾರ್ದೇನ್ರೀ?" ಎಂದು ಅತ್ತೆ ಕೂಗಾಡಿದರೆ, "ನಂಗೆ ಕಂಡಿದ್ರೆ ತಾನೇ ಹೇಳೋದು? ಹೊಗೆ ಆ ಕಡೆ ಹೋಗ್ತಿತ್ತು" ಅನ್ನುತ್ತಿದ್ದರು.

ಇಂಥ ಮನುಷ್ಯ, ನೋಡಿ, ಸೊಪ್ಪಿನ ಪರಿಮಳದ ಮೇಲೆ ಸಂಶೋಧನೆ ಮಾಡಲು ಹೊರಟರು!

ಇದು ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದ ಮಾತು. ಮಾವನವರು ಮಧುಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಾನು ಕೊರಟಗೆರೆಯಿಂದ ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಸಂಶೋಧನೆಗೆ ಕಾರಣಳಾದವಳು ನಾನೇ ಎಂದು ಅತ್ತೆ ಕೊನೆಯವರೆಗೂ ಹೇಳುತ್ತಿದ್ದರು. ನಾನು ಮಾಡಿದ ತಪ್ಪಾದರೂ ಏನು? ಬೆಣ್ಣೆ ಕಾಯಿಸುತ್ತಿದ್ದ ಅತ್ತೆಯ ಪಾತ್ರೆಗೆ ಒಂದೆಸಳು ಕರಿಬೇವು ಹಾಕಿದ್ದು. ಕೊರಟಗೆರೆಯ ನಮ್ಮ ಮನೆಯಲ್ಲಿ ಅದೇ ರೂಢಿ. ಅತ್ತೆಯ ಮನೆಯಲ್ಲಿ ವೀಳ್ಯದೆಲೆ.

"ಕರಿಬೇವಾ? ತುಪ್ಪಕ್ಕಾ?" ಅತ್ತೆ ಸೌಟು ಎತ್ತಿಕೊಂಡೇ ನಿಂತರು. "ಯಾಕಮ್ಮ, ನಿಮ್ಮೂರಲ್ಲಿ ತುಪ್ಪಕ್ಕೂ ಒಗ್ಗರಣೆ ಹಾಕ್ತಾರಾ?"

ಬಾಗಿಲಲ್ಲಿ ಕೂತಿದ್ದ ಮಾವ ಪೇಪರಿನಿಂದ ತಲೆಯೆತ್ತಿದರು. "ಅದಿರ್ಲಿ, ಯಾವುದಾದ್ರೂ ಎಲೆ ಯಾಕೆ ಹಾಕ್ಬೇಕು?"

"ತುಪ್ಪ ಕಮಟು ಹಿಡೀಬಾರ್ದು ಅಂತ."

"ಎಲೆ ಹಾಕಿದ್ರೆ ಯಾಕೆ ಹಿಡಿಯಲ್ಲ?"

"ಎಲೆ ಹಾಕಿರ್ತೀವಲ್ಲ, ಅದಕ್ಕೆ!"

ಇಂಥ ಉತ್ತರ ಬರೆದ ಹುಡುಗರಿಗೆ ಮಾವನವರು ಮುಲಾಜಿಲ್ಲದೆ ಸೊನ್ನೆ ಹಾಕುತ್ತಿದ್ದರು. ಅತ್ತೆಗೆ ಸೊನ್ನೆ ಹಾಕುವ ಧೈರ್ಯ ಯಾರಿಗಿದೆ? ಹಾಗಾಗಿ ಉತ್ತರವನ್ನು ತಾವೇ ಹುಡುಕಲು ಹೊರಟರು.

ಮೊದಲು ಬಲಿಯಾದದ್ದು ಬಚ್ಚಲುಮನೆ. ನೀರು ಕಾಯಿಸುವ ತಾಮ್ರದ ಹಂಡೆಯೊಳಗೆ ಒಂದು ಮಂಕರಿ ಸೊಪ್ಪು, ಬಾಯಿಗೆ ಮುಚ್ಚಳ, ಆವಿ ಸೋರದಂತೆ ಸುತ್ತಲೂ ಮೆತ್ತಿದ ರಾಗಿಹಿಟ್ಟು. ಮುಚ್ಚಳಕ್ಕೆ ಕೊರೆದ ತೂತಿನಿಂದ ಒಂದು ಹಿತ್ತಾಳೆ ಕೊಳವೆ ಹೊರಟು, ತಣ್ಣೀರಿನ ತೊಟ್ಟಿಯಲ್ಲಿ ಮುಳುಗೆದ್ದು, ಗಾಜಿನ ಶೀಸೆಯೊಂದರ ಬಾಯಿಗೆ ಬಂದು ನಿಲ್ಲುತ್ತಿತ್ತು. ರಜೆಯ ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಉರಿ ಹಾಕಿದರೆ ಶೀಸೆಯ ತುಂಬ ನೀರು, ನೀರಿನ ಮೇಲೆ ಉಗುರಿನಷ್ಟು ಎಣ್ಣೆ. ಆ ಉಗುರಿನಷ್ಟನ್ನು ಮಾವನವರು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಅರ್ಧ ಗಂಟೆ ನೋಡುತ್ತ ನಿಲ್ಲುತ್ತಿದ್ದರು. ಇನ್ನೇನು ಮಾಡಿಯಾರು? ಮೂಸಿ ನೋಡಲು ಬರುವಂತಿಲ್ಲವಲ್ಲ!

ಹಂಡೆಯಲ್ಲಿ ಉಳಿದ ನೀರು ಮರುದಿನ ಬೆಳಿಗ್ಗೆ ಮತ್ತೆ ಕಾದು ನಮ್ಮ ಸ್ನಾನಕ್ಕೆ. ನಮ್ಮ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಕೊತ್ತಂಬರಿ ನೀರು ಸುರಿದುಕೊಂಡು ಅವರು ಕಚೇರಿಗೆ ಹೋದ ದಿನ ಹನ್ನೊಂದು ಗಂಟೆಗೇ ಅವರ ಮೇಲಧಿಕಾರಿ ಪೆನ್ನು ಕೆಳಗಿಟ್ಟು, "ಇವತ್ತು ಸಾರು ಯಾರ ಡಬ್ಬೀಲಿದೆ, ನಿಜ ಹೇಳಿ, ನನಗೆ ತಡೆಯೋಕಾಗ್ತಿಲ್ಲ" ಎಂದರಂತೆ. ಇಡೀ ಕಚೇರಿಯ ಡಬ್ಬಿಗಳ ತಪಾಸಣೆ ನಡೆಯಿತು. ಯಜಮಾನರು ಬಾಯಿಬಿಡದೆ ಒಂದು ಮೂಲೆಯಲ್ಲಿ ಬೆವರುತ್ತ ನಿಂತಿದ್ದರು. ಬೆವರಿದಷ್ಟೂ ಘಮ ಜಾಸ್ತಿಯಾಯಿತು.

ಮೇಷ್ಟ್ರು ಬಚ್ಚಲಲ್ಲಿ ಬಟ್ಟಿ ಇಳಿಸುತ್ತಾರಂತೆ ಎಂಬ ಸುದ್ದಿ ಊರಲ್ಲಿ ಹಬ್ಬಲು ಎಷ್ಟು ಹೊತ್ತು ಬೇಕು? ಒಂದು ಮಧ್ಯಾಹ್ನ ಪೇದೆಯೊಬ್ಬ ಬಂದು, ಸಂಕೋಚದಿಂದ ಬಾಗಿಲಲ್ಲೇ ನಿಂತು, "ಅಮ್ಮಾವ್ರೆ, ಏನೋ ಇಳಿಸ್ತಾವ್ರಂತಲ್ಲ..." ಎಂದ.

"ಇಳಿಸ್ತಾವ್ರೆ ಬಾಪ್ಪ. ಕುಡೀತೀಯಾ?" ಎಂದು ಅತ್ತೆ ಅವನ ಕೈಗೆ ಪುದೀನದ ನೀರನ್ನು ಅರ್ಧ ಲೋಟ ಕೊಟ್ಟರು. ಒಂದೇ ಗುಟುಕಿಗೆ ಎತ್ತಿದ ಆತ ಕಣ್ಣಲ್ಲಿ ನೀರು ತುಂಬಿಕೊಂಡು, ಟೋಪಿಯನ್ನು ಕೈಯಲ್ಲೇ ಹಿಡಿದು ಓಡಿದ. ಅವನ ಹಿಂದೆ ಬಚ್ಚಲಿನಿಂದ ಮಾವನವರೂ ಓಡಿದರು. "ಏನು ವಾಸನೆ ಬಂತು ಅಂತ ಹೇಳಿ ಹೋಗಪ್ಪ! ನಿಂತ್ಕೋ! ಒಂದೇ ಒಂದು ಮಾತು ಹೇಳಿ ಹೋಗು!"

ಇಷ್ಟು ನಗು ಇದ್ದ ಮನೆ ಅದು. ಆ ನಗು ನಿಂತದ್ದು ಮರುವರ್ಷ, ನನ್ನ ಮಗು ಹೋದಾಗ.

ತವರಿನಲ್ಲಿ ಬಾಣಂತನ ಮುಗಿಸಿ, ಐದು ತಿಂಗಳ ಮಗಳನ್ನು ಎತ್ತಿಕೊಂಡು ಮಧುಗಿರಿಗೆ ಬಂದಿದ್ದೆ. ಎರಡು ತಿಂಗಳು ಆ ಮನೆ ತುಂಬಿತ್ತು. ಆಮೇಲೆ ಒಂದು ನೆಗಡಿ, ಒಂದು ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು. ಅತ್ತೆ ಹಿತ್ತಲಿನ ದೊಡ್ಡಪತ್ರೆಯ ದಪ್ಪ ಎಲೆಗಳನ್ನು ಕೆಂಡದ ಮೇಲೆ ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ನೆಕ್ಕಿಸಿದರು. ಎಲ್ಲ ಮಕ್ಕಳಿಗೂ ಮಾಡುವುದೇ ಅದು, ಎಲ್ಲ ಮಕ್ಕಳಿಗೂ ವಾಸಿಯಾಗುತ್ತದೆ. ನನ್ನ ಮಗುವಿಗೆ ಆಗಲಿಲ್ಲ. ತುಮಕೂರಿನ ಬಸ್ಸು ಬರುವ ಮೊದಲೇ ಎಲ್ಲ ಮುಗಿದುಹೋಯಿತು. ಮರುದಿನ ಅತ್ತೆ ಹಿತ್ತಲಿಗೆ ಹೋಗಿ ದೊಡ್ಡಪತ್ರೆಯ ಗಿಡವನ್ನು ಬೇರುಸಹಿತ ಕಿತ್ತು ಆಚೆ ಎಸೆದರು. ಆ ಎಲೆಯ ಹೆಸರನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ನಾನು ಮಾತು ಬಿಟ್ಟೆ. ಹಟದಿಂದ ಬಿಟ್ಟದ್ದಲ್ಲ, ಬರಲಿಲ್ಲ, ಅಷ್ಟೆ. ಯಜಮಾನರು ಕಚೇರಿಯಿಂದ ಬಂದು ಪಕ್ಕದಲ್ಲಿ ಕೂತು ಏನೇನೋ ಹೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಅಪ್ಪ ಕೊರಟಗೆರೆಯಿಂದ ಬಂದು ಕರೆದರೂ ತಲೆಯಾಡಿಸಿದೆ. ಒಂದು ತಿಂಗಳಾಯಿತು, ಎರಡಾಯಿತು, ಮೂರಾಯಿತು. "ಈ ಹುಡುಗಿ ಹಿಂಗೇ ಮೂಕಿ ಆಗೋಗ್ತಾಳೋ ಏನೋ" ಎಂದು ಅತ್ತೆ ಅಡುಗೆಮನೆಯಲ್ಲಿ ಪಿಸುಗುಟ್ಟಿ ಅಳುತ್ತಿದ್ದುದು ನನಗೆ ಕೇಳುತ್ತಿತ್ತು. ನನಗೂ ಅದೇ ಭಯ. ಇದಾವುದೂ ಗಮನಕ್ಕೇ ಬರದವರಂತೆ ಶೀಸೆ ತೊಳೆದುಕೊಂಡು ಓಡಾಡುತ್ತಿದ್ದವರು ಮಾವನವರೊಬ್ಬರೇ. ಅವರ ಮೇಲೆ ನನಗೆ ಸಿಟ್ಟು ಬಂದದ್ದೂ ಉಂಟು. ಮೂಗಿಲ್ಲದವರಿಗೆ ಮನಸ್ಸೂ ಇರುವುದಿಲ್ಲವೇ?

ಒಂದು ಬೆಳಿಗ್ಗೆ ಅವರು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ನೋಟ್‌ಬುಕ್ಕು ಕಂಕುಳಲ್ಲಿ, ಪೆನ್ಸಿಲು ಕಿವಿಯ ಮೇಲೆ.

"ಬಾಮ್ಮ ಇಲ್ಲಿ. ನಿನ್ನ ಮೂಗು ಬೇಕು."

ಸೊಸೆಯನ್ನು ಯಾರಾದರೂ ಹೀಗೆ ಕರೆಯುತ್ತಾರೆಯೇ? ಎದ್ದು ಹೋದೆ.

ಬೆಟ್ಟದ ಕಡೆಯ ಕಿಟಕಿಯಲ್ಲಿ ಹನ್ನೆರಡು ಶೀಸೆಗಳು ಸಾಲಾಗಿ ನಿಂತಿದ್ದವು. ಎಲ್ಲದರಲ್ಲೂ ಶಿರಾದ ಗಾಣದ ಕಡಲೆಕಾಯಿ ಎಣ್ಣೆ. ಹನ್ನೊಂದಕ್ಕೆ ಒಂದೊಂದು ಬಗೆಯ ಎಲೆಯ ತೈಲವನ್ನು ನಾಲ್ಕೈದು ಹನಿ ಬಿಟ್ಟಿದ್ದರು. ಹನ್ನೆರಡನೆಯದಕ್ಕೆ ಏನೂ ಇಲ್ಲ. ಯಾವುದರಲ್ಲಿ ಯಾವ ಎಲೆ ಎಂದು ಬರೆದಿರಲಿಲ್ಲ, ಬರೀ ನಂಬರು. ಬಿಸಿಲು ಎಣ್ಣೆಯೊಳಗೆ ಹಾದು ಎದುರಿನ ಸುಣ್ಣದ ಗೋಡೆಯ ಮೇಲೆ ಹನ್ನೆರಡು ಹಳದಿ ಮಚ್ಚೆಗಳನ್ನು ಹಾಕಿತ್ತು. ಗಾಳಿಗೆ ಹೊರಗಿನ ಬೇವಿನ ಕೊಂಬೆ ಅಲುಗಿದಾಗ ಮಚ್ಚೆಗಳೂ ಅಲುಗುತ್ತಿದ್ದವು. ಎಷ್ಟೋ ದಿನದ ಮೇಲೆ ನಾನು ಏನನ್ನಾದರೂ ನೋಡುತ್ತ ನಿಂತದ್ದು ಅದೇ ಮೊದಲು.

"ದಿನಾ ಕಾಫಿಗೆ ಮುಂಚೆ ಮೂಸ್ಬೇಕು. ಯಾವುದು ಕಮಟು ಹಿಡೀತು, ಯಾವುದು ಹಿಡೀಲಿಲ್ಲ, ಅಷ್ಟೇ" ಎಂದರು. ಮೂಸಿದೆ. ತಲೆಯಾಡಿಸಿದೆ.

"ತಲೆ ಆಡ್ಸಿದ್ದನ್ನ ನೋಟ್‌ಬುಕ್ಕಲ್ಲಿ ಹೆಂಗೆ ಬರೀಲಿ ನಾನು? ಮಾತು ಬೇಕು ಕಣಮ್ಮ."

ಅವರು ಪೆನ್ಸಿಲು ಹಿಡಿದು ಕಾದರು. ಕಾಫಿ ಆರಿತು. ಅತ್ತೆ ಎರಡು ಸಲ ಬಂದು ಇಣುಕಿ ಹೋದರು. ಕೊನೆಗೆ ನನ್ನ ಗಂಟಲಿನಿಂದ, ತುಕ್ಕು ಹಿಡಿದ ಚಿಲಕ ತೆಗೆದ ಹಾಗೆ, ಒಂದು ಮಾತು ಹೊರಬಿತ್ತು: "ಚೆನ್ನಾಗಿದೆ."

ಬೇರೆ ಯಾರಾದರೂ ಆಗಿದ್ದರೆ ಕಣ್ಣೀರು ಹಾಕಿ ದೇವರಿಗೆ ಕೈಮುಗಿಯುತ್ತಿದ್ದರು. ನಮ್ಮ ಮಾವನವರು ಮುಖ ಸಿಂಡರಿಸಿದರು. "ಚೆನ್ನಾಗಿದೆ ಅಂದ್ರೆ? ಎಷ್ಟು ಚೆನ್ನಾಗಿದೆ? ಯಾವುದರ ಥರ? ಏನಮ್ಮ, ಫೇಲಾಗೋ ಹುಡುಗ್ರು ಬರೆಯೋ ಉತ್ತರ ಹೇಳ್ತೀಯಲ್ಲ!"

ಮರುದಿನ ಎರಡು ಮಾತು ಹೇಳಿದೆ. ಅದರ ಮರುದಿನ ನಾಲ್ಕು. ಮೂರನೆಯದು ಕಾಮಕಸ್ತೂರಿ ಇರಬೇಕು ಎಂದೆ. ಬೇಸಿಗೆಯಲ್ಲಿ ಅಜ್ಜಿ ಬೀಜ ನೆನೆಹಾಕಿದ ಪಾನಕದ ಚೊಂಬಿನ ಹಾಗಿದೆ ಎಂದೆ. ಅದನ್ನೂ ಬರೆದುಕೊಂಡರು. "ಯಾವ ಅಜ್ಜಿ? ತಂದೆ ಕಡೇನೋ ತಾಯಿ ಕಡೇನೋ?" ಎಂದು ಕೇಳಿ ಅದನ್ನೂ ಬರೆದರು! ವಿಜ್ಞಾನಕ್ಕೆ ನಮ್ಮ ಅಜ್ಜಿಯಿಂದ ಏನಾಗಬೇಕಿತ್ತೋ ಶಿವನೇ ಬಲ್ಲ. ಐದನೆಯದನ್ನು ಮೂಸಿದರೆ ಕೊರಟಗೆರೆಯ ನಮ್ಮ ಬಾವಿಕಟ್ಟೆ ಕಣ್ಣ ಮುಂದೆ ಬರುತ್ತಿತ್ತು: ಕಟ್ಟೆಯ ಪಕ್ಕದ ಕರಿಬೇವಿನ ಗಿಡ, ಒದ್ದೆ ಹಗ್ಗ, ಅಮ್ಮನ ಬಳೆಯ ಸದ್ದು. ನಿಂತ ಕಾಲಲ್ಲೇ ತವರಿಗೆ ಹೋಗಿ ಬರುತ್ತಿದ್ದೆ. ಕಣ್ಣು ಬಿಟ್ಟರೆ ಮಾವ ಪೆನ್ಸಿಲು ಹಿಡಿದು ಹಾಗೇ ಕೂತಿರುತ್ತಿದ್ದರು.

ಅವರೂ ಪಾಠ ಮಾಡದೆ ಬಿಡುತ್ತಿರಲಿಲ್ಲ. "ನೀನು ಒಂದು ವಾಸನೆ ಅಂದ್ಕೊಂಡಿದೀಯಲ್ಲ, ಅದು ಒಂದಲ್ಲ ಕಣಮ್ಮ. ದೊಡ್ಡ ಸಂಸಾರ. ಹತ್ತಿಪ್ಪತ್ತು ಜನ ಒಂದೇ ಬಾಗಿಲಿಂದ ಆಚೆ ಬರ್ತಾರೆ. ಮುಂದೆ ಬರೋರು ಗಲಾಟೆ ಮಾಡ್ತಾರೆ, ಹಿಂದಿರೋರು ಯಾರಿಗೂ ಗೊತ್ತಾಗಲ್ಲ. ಎಣ್ಣೆನ ಕೆಡ್ಸೋದು ಗಾಳಿ. ಆ ಸಂಸಾರದಲ್ಲಿ ಯಾರೋ ಒಬ್ಬ ಅಡ್ಡ ನಿಂತು, ಗಾಳಿಯ ಏಟೆಲ್ಲ ತಾನೇ ತಿಂತಾನೆ. ಅವನು ತಡ್ಕೊಳ್ಳೋವರೆಗೂ ಎಣ್ಣೆ ಕೆಡಲ್ಲ. ಅವನ್ಯಾರು ಅಂತ ಹಿಡೀಬೇಕು."

"ಹಿಡಿಯೋದೇನು, ಈ ಮನೇಲಿ ಅದು ನಾನೇ ಬುಡಿ" ಎಂದರು ಅತ್ತೆ ಒಳಗಿನಿಂದ.

ಮೊದಲಿನಿಂದಲೂ ಒಂಬತ್ತನೇ ನಂಬರನ್ನು ಮಾತ್ರ ಅವರು ನನ್ನ ಮುಂದೆ ಹಿಡಿದಿರಲಿಲ್ಲ. "ಅದಿನ್ನೂ ಹದಕ್ಕೆ ಬಂದಿಲ್ಲ" ಅನ್ನುತ್ತಿದ್ದರು. ಮೂರನೇ ವಾರ ಒಂದು ದಿನ ಅದರ ಬಿರಡೆ ತೆಗೆದು ಮುಂದೆ ಹಿಡಿದರು. ದೊಡ್ಡಪತ್ರೆ. ಪಾವಗಡದ ಕಡೆಯ ಒಬ್ಬ ಮೇಷ್ಟ್ರ ಹಿತ್ತಲಿನಿಂದ ಎಲೆ ತರಿಸಿ ಇಳಿಸಿದ್ದರೆಂದು ಆಮೇಲೆ ತಿಳಿಯಿತು. ನನಗೆ ಆಗ ತಿಳಿದದ್ದು ಇಷ್ಟೇ: ಆ ಕೋಣೆ, ಆ ಕೆಂಡ, ಮಗುವಿನ ತುಟಿಯ ಮೇಲೆ ಹಸಿರು ರಸ, ನನ್ನ ಬೆರಳು ಹಿಡಿದ ಬಿಸಿ ಕೈ.

ನಾನು ನೆಲದ ಮೇಲೆ ಕೂತುಬಿಟ್ಟೆ. ಆಮೇಲೆ ಹೇಳಿದೆ. ಅವಳು ಕೆಮ್ಮುವಾಗ ಕಣ್ಣು ಹೇಗೆ ಬಿಡುತ್ತಿದ್ದಳು ಎಂದು ಹೇಳಿದೆ. ತಲೆಯ ಎಡಗಡೆ ಕೂದಲು ಮಾತ್ರ ಸುರುಳಿಯಾಗಿತ್ತು ಎಂದು ಹೇಳಿದೆ. ಜೇನು ಬೆರೆಸಿದ್ದಕ್ಕೆ ಚಪ್ಪರಿಸಿ ನಕ್ಕಿದ್ದಳು, ಅಷ್ಟು ಸುಸ್ತಿನಲ್ಲೂ ನಕ್ಕಿದ್ದಳು ಎಂದು ಹೇಳಿದೆ. ಮೂರು ತಿಂಗಳು ಒಳಗೆ ನಿಂತದ್ದೆಲ್ಲ ಬಂತು, ಅಳುವೂ ಬಂತು. ಅತ್ತೆ ಬಂದು ನನ್ನ ಪಕ್ಕ ಕೂತು ಅವರೂ ಅತ್ತರು. ಮಾವ ಮಾತ್ರ ಏನೂ ಬರೆದುಕೊಳ್ಳಲಿಲ್ಲ. ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿ, ಎಲ್ಲ ಮುಗಿಯುವವರೆಗೂ ಕೇಳಿದರು. ಆಮೇಲೆ, "ಒಂಬತ್ತನೇದು ಬೇಡ ಅಂದ್ರೆ ತೆಗೆದುಬಿಡ್ತೀನಮ್ಮ" ಎಂದರು.

"ಬೇಡ, ಇರಲಿ" ಎಂದೆ. ಅಂದಿನಿಂದ ಒಂಬತ್ತನೆಯದನ್ನು ನಾನು ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಹೆಚ್ಚು ಹೊತ್ತು ಮೂಸುತ್ತಿದ್ದೆ.

ಕಟ್ಟೆ ಒಡೆದ ಮೇಲೆ ನೀರಿಗೆ ಲೆಕ್ಕವುಂಟೇ? ನನ್ನ ಬಾಯಿ ಎಷ್ಟು ಜೋರಾಯಿತೆಂದರೆ, ಎಣ್ಣೆ ಕೊಡುತ್ತಿದ್ದ ಶಿರಾದ ಸಾಹೇಬರು ಪಾಪ ಒಮ್ಮೆ ನೋಡಿಹೋಗಲು ಬಂದವರು ಸಿಕ್ಕಿಹಾಕಿಕೊಂಡರು. ಶಿರಾದಲ್ಲಿ ಅವರದು ಗಾಣ, ಕಡಲೆಕಾಯಿ ಮಂಡಿ. ಮಾವನವರಿಗೆ ಹಳೆಯ ಸ್ನೇಹಿತರು. ಹನ್ನೆರಡನೆಯ ಶೀಸೆ, ಅಂದರೆ ಯಾವ ತೈಲವೂ ಬೀಳದ ಬರಿಯ ಎಣ್ಣೆ, ಅಷ್ಟರಲ್ಲಿ ಚೆನ್ನಾಗಿ ಕಮಟು ಹಿಡಿದಿತ್ತು. ಅವರ ಎದುರೇ ನಾನು ಅದನ್ನು ಮೂಸಿ ಶುರುಮಾಡಿದೆ: "ಹಳೇ ಕೊಡೆ, ಮಾವ. ಮಳೇಲಿ ನೆಂದು, ಒಣಗಿಸದೆ ಮಡಚಿಟ್ಟು, ಯುಗಾದಿಗೆ ಬಿಚ್ಚಿದ ಕೊಡೆ. ಅದರ ಜೊತೆ ಒಂದಿಷ್ಟು ಬಣ್ಣದ ಡಬ್ಬಿ. ಆಮೇಲೆ ನಮ್ಮೂರ ಚಾವಡೀಲಿ ಒಬ್ರು ಪೈಲ್ವಾನರಿದ್ರು, ಅವರ ದಿಂಬು..."

"ತೋಬಾ, ತೋಬಾ!" ಸಾಹೇಬರು ಎರಡೂ ಕೆನ್ನೆ ಮುಟ್ಟಿಕೊಂಡರು. "ಬೇಟಿ, ಅದು ನಮ್ದು ಗಾಣದ್ದು ಎಣ್ಣೆ! ಶಿರಾದಾಗೆ ನಂಗೆ ಇಜ್ಜತ್ ಐತೆ!"

"ನೀವೇ ಮೂಸಿ ನೋಡಿ" ಎಂದು ಮಾವ ಶೀಸೆ ಕೊಟ್ಟರು. ಸಾಹೇಬರು ಮೂಸಿದರು, ದಾಡಿ ಸವರಿದರು, ಮತ್ತೊಮ್ಮೆ ಮೂಸಿದರು. "ಪೈಲ್ವಾನ್ ಸಚ್ ಹೈ" ಎಂದು ಒಪ್ಪಿಕೊಂಡರು. ಆಮೇಲೆ ಒಂಬತ್ತನೆಯದನ್ನು ಮೂಸಿ ಬೆರಗಾದರು. ಅದೇ ದಿನದ ಎಣ್ಣೆ, ಅದೇ ಕಿಟಕಿ, ಇನ್ನೂ ನಿನ್ನೆ ಹಿಂಡಿದ ಹಾಗಿದೆ! ಹೊರಡುವಾಗ ಮಾವನ ಕಡೆ ತಿರುಗಿ, "ಮೇಷ್ಟ್ರೇ, ಸೊಸೆ ಬಾಯೇ ಬಿಡಲ್ಲ ಅಂತ ನಮ್ಮ ಮಂಡೀಲಿ ಕೂತು ಕಣ್ಣಲ್ಲಿ ನೀರು ಹಾಕಿದ್ರಲ್ಲ, ಇವಳೇನಾ?" ಎಂದರು. ಮಾವನವರು ಥಟ್ಟನೆ ಬಸ್ಸಿನ ವೇಳೆಯ ಮಾತು ತೆಗೆದರು.

ಏಳೆಂಟು ತಿಂಗಳು ಹೀಗೇ ಕಳೆಯಿತು. ಕರಿಬೇವು ಸೋತಿತು, ಕೊತ್ತಂಬರಿ ಅದಕ್ಕೂ ಮೊದಲೇ ಸೋತಿತ್ತು. ವೀಳ್ಯದೆಲೆ ಮಾತ್ರ ಗಟ್ಟಿಯಾಗಿ ನಿಂತದ್ದರಿಂದ ಅತ್ತೆ ನನ್ನನ್ನು ನೋಡಿದಾಗಲೆಲ್ಲ ಹುಬ್ಬು ಕುಣಿಸುತ್ತಿದ್ದರು. ಅದಕ್ಕಿಂತ ಮುಂದೆ ಇದ್ದದ್ದು ಒಂಬತ್ತು. ಅದರಲ್ಲಿರುವ ಅಡ್ಡ ನಿಲ್ಲುವ ಆಸಾಮಿ ಓಮದ ಸತ್ವಕ್ಕೆ ಹತ್ತಿರದ ಸಂಬಂಧಿ, ಎರಡರ ಘಾಟೂ ಒಂದೇ ಎಂದು ನೀನೇ ಹೇಳಿದೆಯಲ್ಲ ಎಂದು ಮಾವ ಕುಣಿಯುತ್ತಿದ್ದರು. ತುಮಕೂರಿನಲ್ಲಿ ಮೇಷ್ಟ್ರುಗಳೆಲ್ಲ ಸೇರುವ ಕಡೆ ಇದನ್ನು ಓದಬೇಕೆಂದು ಪ್ರಬಂಧವನ್ನೂ ಬರೆದಿಟ್ಟರು.

ಹೊರಡಲು ನಾಲ್ಕು ದಿನವಿತ್ತು. ಆ ಬೆಳಿಗ್ಗೆ ಮೊದಲನೆಯ ಶೀಸೆಯ ಬಿರಡೆ ತೆಗೆದೆ. ಕೊಳೆತ ವಾಸನೆ. ವೀಳ್ಯದೆಲೆಯದು ತೆಗೆದೆ, ಹೊಟ್ಟೆ ತೊಳೆಸಿತು. ಒಂಬತ್ತನೆಯದನ್ನು ತೆಗೆದೆ. ಅದೂ ಹೋಗಿತ್ತು! ಬಾಯಿಗೆ ಸೆರಗು ಒತ್ತಿಕೊಂಡು ಕಿಟಕಿಗೆ ಒರಗಿದೆ.

"ಎಲ್ಲಾ ಕೆಟ್ಟೋಗಿದೆ ಮಾವ, ಹೊಟ್ಟೆ ತೊಳಸ್ತಿದೆ. ಒಂದೂ ಉಳಿದಿಲ್ಲ. ರಾತ್ರೋರಾತ್ರಿ ಚೆನ್ನಾಗಿದ್ದವೂ ಕೆಟ್ಟಿವೆ."

ಅವರ ಮುಖ ಬಿಳಿಚಿಕೊಳ್ಳಬಹುದೆಂದು ಹೆದರಿದ್ದೆ. ಅವರು ತಲೆ ಕೆರೆದುಕೊಂಡು ಒಳಗೆ ಹೋಗಿ ಒಂದು ಮರದ ಪೆಟ್ಟಿಗೆ ತಂದರು. ಗಾಜಿನ ನಳಿಕೆಯೊಂದಕ್ಕೆ ಒಂಬತ್ತನೆಯ ಎಣ್ಣೆ ಸ್ವಲ್ಪ ಹಾಕಿ, ಹುಳಿಯ ಘಾಟಿನ ದ್ರಾವಣ ಒಂದಿಷ್ಟು, ಬಿಳಿ ಹರಳಿನ ನೀರು ಒಂದಿಷ್ಟು ಬಿಟ್ಟು, ಕೊನೆಗೆ ಅನ್ನದ ಗಂಜಿ ನಾಲ್ಕು ಹನಿ ಬಿಟ್ಟು ಕುಲುಕಿದರು. ಬಣ್ಣ ಬದಲಾಗಲಿಲ್ಲ. ಹನ್ನೆರಡನೆಯದಕ್ಕೆ ಹಾಗೇ ಮಾಡಿದರೆ ನಳಿಕೆ ಕಪ್ಪುನೀಲಿಗೆ ತಿರುಗಿತು.

"ಕೆಟ್ಟ ಎಣ್ಣೆ ಹರಳಲ್ಲಿರೋ ಅಯೋಡಿನ್ನ ಬಿಡಿಸುತ್ತೆ, ಗಂಜಿ ನೀಲಿ ಆಗುತ್ತೆ. ಒಂಬತ್ತನೇದು ನೆಟ್ಟಗಿದೆ ಕಣಮ್ಮ" ಎಂದರು. "ಕೆಟ್ಟಿರೋದು ನಿನ್ನ ಮೂಗು."

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಅತ್ತೆ ಬಾಗಿಲಿಗೆ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೆರಳು ಮಡಿಸಿ ಏನೋ ಎಣಿಸಿದರು. "ಏನ್ರೀ, ಇಷ್ಟು ಓದಿದೀರಾ, ನಿಮಗೆ ಬುದ್ಧಿ ಐತಾ? ಬೆಳಬೆಳಿಗ್ಗೆ ಹೊಟ್ಟೆ ತೊಳಸ್ತೈತೆ ಅಂತಾಳೆ, ವಾಸನೆ ಕಂಡ್ರೆ ಆಗಲ್ಲ ಅಂತಾಳೆ! ಶೀಸೆ ಆಚೆ ಎತ್ತಿಡಿ ಮೊದ್ಲು!" ಎಂದವರು ಅಲ್ಲೇ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಸಕ್ಕರೆ ತರಲು ಒಳಗೆ ಓಡಿದರು.

ಸಂತೋಷವೋ ಹೆದರಿಕೆಯೋ ನನಗೇ ತಿಳಿಯಲಿಲ್ಲ. ಆದರೂ ಆ ನೀಲಿ ನಳಿಕೆಯಿಂದ ಕಣ್ಣು ಕೀಳಲಾಗಲಿಲ್ಲ.

"ಮಾವ, ಈ ಪರೀಕ್ಷೆ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ವಾರಕ್ಕೊಂದು ಸಲ ಮಾಡ್ತಾನೇ ಇದೀನಿ."

"ಹಾಗಾದ್ರೆ ನನ್ನ ಮೂಗು ಯಾಕೆ ಬೇಕಿತ್ತು?"

ಮಾವನವರು ನಳಿಕೆಯನ್ನು ಪಂಚೆಯ ಅಂಚಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಅಯೋಡಿನ್ನಿಗೆ ಬಣ್ಣ ಬರುತ್ತೆ ಕಣಮ್ಮ" ಎಂದರು, ನನ್ನ ಕಡೆ ನೋಡದೆ. "ಮಾತು ಬರಲ್ಲ."

ಕಾಲು ಮುಟ್ಟಿ ನಮಸ್ಕಾರ ಮಾಡಲು ಬಗ್ಗಿದೆ. "ಬಗ್ಗಬೇಡ್ವೇ!" ಎಂದು ಅತ್ತೆ ಸಕ್ಕರೆ ಡಬ್ಬಿಯ ಸಮೇತ ಓಡಿಬಂದು ನನ್ನ ತೋಳು ಹಿಡಿದರು. ಹಾಗಾಗಿ ನಿಂತುಕೊಂಡೇ ಹೇಳಿದೆ. ಅಳುತ್ತ, ನಗುತ್ತ ಏನೇನು ಹೇಳಿದೆನೋ ಇಂದು ನೆನಪಿಲ್ಲ. ಬಹಳ ಹೊತ್ತು ಹೇಳಿದೆ. ಅವರಿಬ್ಬರೂ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತು ಕೇಳಿದರು.